ಓದುಗರ ಪ್ರಶ್ನೆ: ನೋವಿನ ಮಾತ್ರೆನೇ ಅಲ್ದಿದ್ರೂ ನೋವು ಹೋಗುತ್ತಾ?

ಪ್ರಶ್ನೆ: ನಮ್ಮಮ್ಮಂಗೆ 64 ವರ್ಷ, ಮಂಡಿನೋವು. ಊರಿನ ಡಾಕ್ಟ್ರು ಒಂದು ಕೆಂಪು ಮಾತ್ರೆ ಬರ್ಕೊಟ್ರು, ಹದಿನೈದು ದಿನದಲ್ಲಿ ಅಮ್ಮ ಮೆಟ್ಲು ಹತ್ತೋಕೆ ಶುರು ಮಾಡಿದ್ರು. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಅದು ಬರೀ ಬಿ ಕಾಂಪ್ಲೆಕ್ಸ್ ಅಂತೆ. ಹಾಗಾದ್ರೆ ನೋವು ನಿಜವಾಗ್ಲೂ ಕಡಿಮೆ ಆಗಿದ್ಯಾ, ಇಲ್ಲ ಭ್ರಮೆನಾ? ಅಮ್ಮಂಗೆ ವಿಷ್ಯ ಹೇಳ್ಲಾ ಬೇಡ್ವಾ?
– ಓದುಗರು, ಹಾಸನ

ಉತ್ತರ: ಭ್ರಮೆ ಅಂತ ಅಮ್ಮನ ಮುಂದೆ ಮಾತ್ರ ಅನ್ಬೇಡಿ. ನೋವು ಕಡಿಮೆ ಅಂತ ಅವ್ರೇ ಹೇಳಿದ್ಮೇಲೆ ಕಡಿಮೆನೇ, ಅದನ್ನ ಅಳೆಯೋಕೆ ಬೇರೆ ಮೀಟರ್ ಎಲ್ಲಿದೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಹಲ್ಲು ಕೀಳಿಸ್ಕೊಂಡವ್ರಿಗೆ ಔಷಧಿನೇ ಇಲ್ಲದ ಇಂಜೆಕ್ಷನ್ ಕೊಟ್ರು, ಕೆಲವ್ರಿಗೆ ನೋವು ಇಳೀತು, ಆಮೇಲೆ ನಾಲಾಕ್ಸೋನ್ ಅಂತ ಇನ್ನೊಂದು ಕೊಟ್ರು, ಅದು ಅಫೀಮಿನ ಜಾತಿ ಔಷಧಿಗಳ ಕೆಲ್ಸ ತಡೆಯೋ ಮದ್ದು, ಕೊಟ್ಟಿದ್ದೇ ಇಳಿದಿದ್ದ ನೋವು ಮತ್ತೆ ಏರ್ತು. ಅಂದ್ರೆ ಮೈಯೇ ಒಳಗಿಂದ ನೋವು ತಡೆಯೋ ಎಂಡಾರ್ಫಿನ್ ಬಿಡ್ತಿತ್ತು ಅನ್ನೋ ಸುಳಿವು ಸಿಕ್ಕಿದ್ದು ಅಲ್ಲೇ.

ಮಂಡಿದೇ ಕಥೆ ಬೇಕಂದ್ರೆ 2002ರಲ್ಲಿ ಪ್ರಕಟವಾದ ಹ್ಯೂಸ್ಟನ್ನಿನ ಪರೀಕ್ಷೆ ಇದೆ. ಸಂಧಿವಾತದ 180 ಜನ, ಕೆಲವ್ರಿಗೆ ಕೀಹೋಲ್ ಆಪರೇಷನ್ ಮಾಡಿ ಮಂಡಿ ಒಳಗೆ ಕೆರೆದು ತೊಳೆದ್ರು, ಕೆಲವ್ರಿಗೆ ಬರೀ ತೊಳೆದ್ರು, ಉಳಿದವ್ರಿಗೆ ಚರ್ಮ ಸ್ವಲ್ಪ ಕೊಯ್ದು, ಆಪರೇಷನ್ ನಡೀತಿದೆ ಅನ್ನೋ ಥರ ನೀರು ಚೆಲ್ಲೋ ಸದ್ದನ್ನೂ ಮಾಡಿ, ಹೊಲಿಗೆ ಹಾಕಿ ಕಳ್ಸಿದ್ರು. ಎರಡು ವರ್ಷ ಆದ್ಮೇಲೂ ನಿಜವಾದ ಆಪರೇಷನ್ ಆದವ್ರು ನಾಟಕದ ಆಪರೇಷನ್ ಆದವ್ರಿಗಿಂತ ಮೇಲೇನೂ ಇರ್ಲಿಲ್ಲ. ಆದ್ರೆ ಏನೂ ಮಾಡದೆ ಬಿಟ್ಟ ಗುಂಪು ಅದ್ರಲ್ಲಿ ಇರ್ಲಿಲ್ಲ, ಹಾಗಾಗಿ ಅಷ್ಟೂ ಸುಧಾರಣೆ ನಂಬಿಕೆಯಿಂದ್ಲೇ ಆಯ್ತು ಅನ್ನೋಕಾಗಲ್ಲ. ಮಂಡಿನೋವು ಏರಿಳಿಯೋದೇ, ನಾವು ಡಾಕ್ಟ್ರ ಹತ್ರ ಓಡೋದು ತಡೆಯೋಕಾಗ್ದೆ ಹೋದಾಗ, ಅಲ್ಲಿಂದ ಅದು ಹೇಗೂ ಸ್ವಲ್ಪ ಇಳೀಬೇಕಿತ್ತು, ಹೆಸ್ರು ಮಾತ್ರೆಗೆ ಬರುತ್ತೆ. ನಿಮ್ಮಮ್ಮನ ವಿಷ್ಯದಲ್ಲೂ ಇದು ಒಂದು ಪಾಲು ಇರ್ಬಹುದು.

ಇನ್ನು ಭಯ ಪಡಬೇಕಾದ ಕಡೆ ಹೇಳ್ತೀನಿ ಕೇಳಿ. 2011ರಲ್ಲಿ ಅಮೆರಿಕದಲ್ಲಿ ಅಸ್ತಮಾದವ್ರಿಗೆ ಒಂದ್ಸಲ ನಿಜವಾದ ಇನ್‌ಹೇಲರ್, ಒಂದ್ಸಲ ಔಷಧಿ ಇಲ್ಲದ್ದು, ಇನ್ನೊಂದ್ಸಲ ಏನೂ ಕೊಡದೆ ನೋಡಿದ್ರು. ಎರಡು ಇನ್‌ಹೇಲರಿಗೂ ಜನ ಹೆಚ್ಚುಕಮ್ಮಿ ಒಂದೇ ಥರ ‘ಈಗ ಹಾಯಾಗಿದೆ’ ಅಂದ್ರು, ಮೆಷಿನ್‌ಗೆ ಊದಿಸಿ ನೋಡಿದ್ರೆ ನಿಜವಾದ್ದಕ್ಕೆ ಉಸಿರು ಶೇ. 20ರಷ್ಟು ಸುಧಾರಿಸಿತ್ತು, ಖಾಲಿ ಇನ್‌ಹೇಲರಿಗೆ ಶೇ. 7, ಏನೂ ಕೊಡದೇ ಇದ್ರೂ ಅಷ್ಟೇ! ಹಾಯಾಗಿದೆ ಅನ್ನೋದು ಸುಳ್ಳಲ್ಲ, ಆದ್ರೆ ಶ್ವಾಸನಾಳ ಬಿಗಿದೇ ಇದೆ. ಬಿಪಿ, ಶುಗರ್, ಸೋಂಕು ಇವಕ್ಕೆಲ್ಲ ಆರಾಮಾಗಿದೀನಿ ಅಂತ ಮಾತ್ರೆ ಬಿಟ್ರೆ ಕಥೆ ಕೆಡುತ್ತೆ.

ಹೇಳ್ಲಾ ಬೇಡ್ವಾ ಅಂದ್ರೆ, ನನ್ನ ಕೇಳಿದ್ರೆ ಮೊದ್ಲು ಡಾಕ್ಟ್ರೇ ಹೇಳ್ಬೇಕಿತ್ತು. ಹೇಳಿದ್ರೆ ಗುಣ ಹೊರಟೋಗುತ್ತೆ ಅಂತೇನೂ ಇಲ್ಲ, 2010ರಲ್ಲಿ ಐಬಿಎಸ್ ಅಂದ್ರೆ ಪದೇ ಪದೇ ಹೊಟ್ಟೆನೋವು, ಭೇದಿ ಇಲ್ಲಾ ಮಲಬದ್ಧತೆ ಕಾಡೋ ತೊಂದ್ರೆ ಇದ್ದ 80 ಜನರಲ್ಲಿ ಅರ್ಧದಷ್ಟು ಜನಕ್ಕೆ ‘ಇದ್ರಲ್ಲಿ ಔಷಧಿ ಇಲ್ಲ’ ಅಂತ ಬಾಯ್ಬಿಟ್ಟು ಹೇಳೇ ಮಾತ್ರೆ ಕೊಟ್ರು, ಮೂರು ವಾರಕ್ಕೆ ಅವ್ರಲ್ಲಿ ಶೇ. 59 ಜನ ಪರವಾಗಿಲ್ಲ ಅಂದ್ರು, ಮಾತ್ರೆ ಕೊಡದ ಗುಂಪಲ್ಲಿ ಶೇ. 35. ಸಣ್ಣ ಪರೀಕ್ಷೆ, ಸರಿ. ನೀವು ‘ಅಮ್ಮಾ, ಇದು ವಿಟಮಿನ್ ಮಾತ್ರೆ ಅಂತೆ, ನಡೆಯೋಕಾಗ್ತಿದೆ ಅಲ್ವಾ, ನಡೀತಿರು’ ಅಂತ ಸಲೀಸಾಗಿ ಹೇಳಿ. ತೊಡೆ ಗಟ್ಟಿ ಮಾಡೋ ವ್ಯಾಯಾಮನ ಫಿಸಿಯೋಥೆರಪಿಯವ್ರ ಹತ್ರ ಕಲಿಸಿ, ಸಂಧಿವಾತದ ಮಂಡಿಗೆ ಅದು ನಿಜವಾಗ್ಲೂ ಆಗಿಬರುತ್ತೆ. ಮಂಡಿ ಊದಿ ಕೆಂಪಾದ್ರೆ, ಮುಟ್ಟಿದ್ರೆ ಬಿಸಿ ಇದ್ರೆ, ಜ್ವರ ಬಂದ್ರೆ ಮಾತ್ರ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿ.