ಪ್ರತಿಕ್ರಿಯೆ: ಫೋಕಸ್ 61 ಮಿ.ಮೀ.ಗಿಂತ ಕಿರಿದಾಗದಿರುವುದು ಯಾಕೆ?

ಸುರತ್ಕಲ್‌ನಿಂದ ನೀವು ಕೇಳಿದ್ದು: 2.45 ಗಿಗಾಹರ್ಟ್ಸ್‌ಗೆ ವ್ಯಾರಾಕ್ಟರ್ (ವೋಲ್ಟೇಜಿಗೆ ತಕ್ಕಂತೆ ಧಾರಕತೆ ಬದಲಾಗುವ ಡಯೋಡ್) ಹಾಕಿದ ಮೆಟಾಸರ್ಫೇಸ್ ಪ್ರತಿಫಲಕದಲ್ಲಿ (ಅಲೆಯ ಫೇಸ್, ಅಂದರೆ ಏರಿಳಿತದ ಹಂತವನ್ನು ಪಿಕ್ಸೆಲ್ ಎಂಬ ತುಂಡುತುಂಡಾಗಿ ಬದಲಿಸುವ ಹಲಗೆ) ಫೋಕಸ್, ಅಂದರೆ ಅಲೆಗಳು ಕೂಡುವ ಚುಕ್ಕೆ, 61 ಮಿ.ಮೀ.ಗೇ ನಿಲ್ಲುತ್ತದೆ, ವೋಲ್ಟೇಜ್ ತಪ್ಪಿದೆಯೇ ಎಂದು.

ವೋಲ್ಟೇಜಿನ ತಪ್ಪಲ್ಲ ಮಾರಾಯ್ರೇ. ತರಂಗದೂರ 122 ಮಿ.ಮೀ., ಅದರ ಅರ್ಧವೇ ಆ 61; ದೂರದಿಂದ ಬಂದ ಅಲೆಗಳ ಫೋಕಸಿಗೆ ಅದೇ ಮಿತಿ. ಸೂಕ್ಷ್ಮ ವಿವರ ಹೊತ್ತ ಇವಾನೆಸೆಂಟ್ ಅಲೆಗಳು ಹುಟ್ಟಿದಲ್ಲೇ ನಂದಿಹೋಗುತ್ತವೆ. ದೂರದ ಪ್ರತಿಫಲಕದಿಂದ ಅವು ತಲುಪುವುದೇ ಇಲ್ಲ. ಅವನ್ನು ಫೋಕಸ್ ಜಾಗದಲ್ಲೇ ಹುಟ್ಟಿಸಬೇಕು. ತಾಮ್ರದ ತಗಡಿನ ಮೇಲೆ 28 ಮಿ.ಮೀ. ಎತ್ತರದ ತಂತಿಗಳನ್ನು 8-10 ಮಿ.ಮೀ. ಅಂತರದಲ್ಲಿ ನೆಟ್ಟಗೆ ಬೆಸುಗೆ ಹಾಕಿ. ಒಂಟಿ ತಂತಿಯ ಅನುರಣನಕ್ಕಿಂತ (ಅದು ಅತಿ ಜೋರಾಗಿ ಸ್ಪಂದಿಸುವ ಆವರ್ತನ) ಸ್ವಲ್ಪ ಕೆಳಗಿನ ಆವರ್ತನದಲ್ಲೇ ಕೆಲಸ ಮಾಡಿ, ಮೇಲೆ ಹೋದರೆ ಆ ಕಿರಿದಾದ ಮೋಡ್‌ಗಳು (ಅಲೆಯ ವಿನ್ಯಾಸಗಳು) ಸಿಗುವುದಿಲ್ಲ. 2007ರಲ್ಲಿ ಪ್ಯಾರಿಸ್ಸಿನ ಭೌತವಿಜ್ಞಾನಿ ಫಿಂಕ್ ಅವರ ತಂಡ ತಂತಿಗಳ ನಡುವೆಯೇ, ಟೈಮ್ ರಿವರ್ಸಲ್ (ದಾಖಲಿಸಿದ ಅಲೆಯನ್ನು ಕಾಲದಲ್ಲಿ ಹಿಂದುಮುಂದಾಗಿಸಿ ಮರಳಿ ಕಳಿಸುವುದು) ಬಳಸಿ, ಫೋಕಸನ್ನು ತರಂಗದೂರದ ಮೂವತ್ತನೇ ಒಂದು ಪಾಲಿಗೆ ಇಳಿಸಿತ್ತು. ಎಷ್ಟು ಚಂದದ ಕೆಲಸ!

ಅಲೆಗಳು ಎಲ್ಲ ದಿಕ್ಕಿನಿಂದ ಪುಟಿದು ಬರುವಂತೆ ಎಲ್ಲವನ್ನೂ ಲೋಹದ ಪೆಟ್ಟಿಗೆಯೊಳಗಿಡಿ. ಪಿಕ್ಸೆಲ್‌ಗಳನ್ನು ಫೇಸ್‌ನಲ್ಲಿ 180 ಡಿಗ್ರಿ ಅಂತರದ ಎರಡೇ ಸ್ಥಿತಿಗಳಲ್ಲಿ ಒಂದೊಂದಾಗಿ ಬದಲಿಸಿ. ಫೋಕಸ್ ಜಾಗದ ಪ್ರೋಬ್‌ನಲ್ಲಿ (ಕ್ಷೇತ್ರ ಅಳೆಯುವ ಪುಟ್ಟ ಆಂಟೆನಾ) ಸಿಗ್ನಲ್ ಏರಿದರೆ ಆ ಬದಲಾವಣೆ ಉಳಿಸಿ. ಒಂದು ಸುತ್ತು ಸಾಲದು, ಎರಡು-ಮೂರು ಬೇಕು. ಪ್ರೋಬ್ 5 ಮಿ.ಮೀ.ಗಿಂತ ಉದ್ದವಾದರೆ ತಾನೇ ಕ್ಷೇತ್ರವನ್ನು ಕೆಡಿಸುತ್ತದೆ.

ಪ್ರತಿಫಲಕದ ಎಫ್‌ಆರ್4 (ಗಾಜುನಾರು-ಎಪಾಕ್ಸಿ) ಬೋರ್ಡ್ ನಮ್ಮ ಮಳೆಗಾಲದಲ್ಲಿ ತೇವ ಹೀರಿ ಅನುರಣನ ಕೆಳಗೆ ಸರಿಯುತ್ತದೆ. ಹಾಗಾಗಿ ಫೇಸ್-ವೋಲ್ಟೇಜ್ ವಕ್ರರೇಖೆಯನ್ನು (ಯಾವ ವೋಲ್ಟೇಜಿಗೆ ಎಷ್ಟು ಫೇಸ್ ಎಂಬುದನ್ನು) ಪ್ರಯೋಗದ ದಿನವೇ ಅಳೆಯಿರಿ.