ಒಂದೇ ಪ್ರೋಗ್ರಾಂ, ಇಬ್ಬರು ಯಜಮಾನರು

ಪಾಲುದಾರಿಕೆಯಲ್ಲಿ ಸಾಫ್ಟ್‌ವೇರ್ ಮಾಡುವ ಹುಡುಗರ ಜಗಳ ಕೊಪ್ಪಳದ ನನ್ನ ಆಪ್ತಸಲಹೆಯ ಕೋಣೆಗೆ ಈಗೀಗ ಜಾಸ್ತಿ ಬರುತ್ತಿದೆ. ಎಲ್ಲದರ ಎಳೆ ಹೆಚ್ಚು ಕಡಿಮೆ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಂಥ ಒಂದು ಜಗಳ ಇದು. ಇಬ್ಬರೂ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಿಗೆ ಸಾಫ್ಟ್‌ವೇರ್ ಕೊಡುತ್ತಾರೆ. ಭತ್ತದ ತೂಕ, ತೇವಾಂಶದ ಕಡಿತ, ಹಮಾಲಿ, ನುಚ್ಚು, ತೌಡು, ಜಿಎಸ್‌ಟಿ ಬಿಲ್ಲು ಎಲ್ಲ ಒಂದೇ ಪ್ರೋಗ್ರಾಂನಲ್ಲಿ. ಅವರ ಭಾಷೆಯಲ್ಲಿ ಮೊನೊಲಿಥಿಕ್. ಬರೆದವನು ಅಣ್ಣ. ತಮ್ಮನಿಗೆ ಅದನ್ನು ಬಿಡಿಬಿಡಿಯಾಗಿ, ಓಪನ್ ಆಗಿ ಇಡಬೇಕು. ತೂಕ ಬೇರೆ, ಬಿಲ್ಲು ಬೇರೆ, ನಡುವೆ ಎಪಿಐ, ಅಂದರೆ ಒಂದು ಭಾಗ ಇನ್ನೊಂದರ ಜೊತೆ ಮಾತಾಡಲು ಮೊದಲೇ ಗೊತ್ತು ಮಾಡಿಕೊಂಡ ದಾರಿ. ಹೊರಗಿನವರೂ ತಮ್ಮ ಭಾಗ ಬರೆದು ಜೋಡಿಸಬಹುದು. ಹೋದ ಸುಗ್ಗಿಯಲ್ಲಿ ಹಮಾಲಿ ದರದ ಒಂದು ಸಾಲು ತಿದ್ದಲು ಹೋಗಿ ಬಿಲ್ಲೇ ನಿಂತುಹೋಗಿತ್ತು. ಗಿರಣಿ ಮುಂದೆ ಲಾರಿಗಳ ಸಾಲು. ಆವತ್ತಿನಿಂದ ಮಾತಿಲ್ಲ.

ನನ್ನ ಹತ್ತಿರ ಬಂದ ದಿನ ಅಣ್ಣ ಪ್ರಿಂಟ್ ತೆಗೆಸಿಕೊಂಡೇ ಬಂದಿದ್ದ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ತನ್ನ ಬಿಡಿ ಸರ್ವೀಸುಗಳನ್ನು ಮತ್ತೆ ಒಂದೇ ಪ್ರೋಗ್ರಾಂ ಮಾಡಿ ಆ ಕೆಲಸದ ಖರ್ಚನ್ನು ಶೇ. 90ರಷ್ಟು ಇಳಿಸಿದ ಸುದ್ದಿ. ತಮ್ಮ ಅದನ್ನು ನೋಡಲೇ ಇಲ್ಲ.

"ಅಣ್ಣಾ, ತುಂಗಭದ್ರಾ ಡ್ಯಾಂಗೆ 33 ಗೇಟು ಯಾಕ ಇಟ್ಟಾರ? ಒಂದು ಕೆಟ್ಟರ ಉಳಿದವು ನಡೀಲಿ ಅಂತ."

"2024ರಾಗ 19ನೇ ಗೇಟಿನ ಚೈನ್ ಹರೀತಲ್ಲ, ಮರೆತೇನು? ಉಳಿದ ಗೇಟು ಎತ್ತಿ ನೀರು ಇಳಿಸಬೇಕಾತು. ಬಿಡಿ ಮಾಡಿದರ ಒಂದರ ತ್ರಾಸು ಇನ್ನೊಂದಕ್ಕ ಹತ್ತಂಗಿಲ್ಲ ಅಂತೀಯಲ್ಲ, ಹತ್ತತೈತಿ!"

ಇಬ್ಬರದೂ ಸರಿಯೇ. ಬಿಡಿ ಮಾಡಿದರೆ ಹಮಾಲಿ ತಿದ್ದಲು ಬಿಲ್ಲನ್ನು ಮುಟ್ಟಬೇಕಿಲ್ಲ. ಆದರೆ ಒಳಗೊಳಗೇ ಮುಗಿಯುತ್ತಿದ್ದ ಕೆಲಸ ನೆಟ್‌ವರ್ಕ್ ಮೇಲೆ ಹೋಗುತ್ತದೆ. ಉತ್ತರ ತಡವಾಗಬಹುದು, ಬರದೇ ಇರಬಹುದು. ಕೆಟ್ಟಿದ್ದು ಎಲ್ಲಿ ಅಂತ ಹುಡುಕುವುದೇ ದೊಡ್ಡ ಕೆಲಸ.

ಅಣ್ಣನನ್ನು ಕೇಳಿದೆ: "ಹೊರಗಿನವರು ಒಂದು ಭಾಗ ಬರೆದು ಜೋಡಿಸಿದರೆ ನಿಮಗೆ ಏನು ಹೋಗುತ್ತೆ?"

ಪ್ರಿಂಟ್ ಮಡಚಿದ, ಬಿಚ್ಚಿದ. "ಗಿರಣಿಯವರು ನನಗ ಫೋನ್ ಮಾಡೋದು ಬಿಡ್ತಾರ್ರೀ ಮೇಡಂ."

"ನನಗ ಸಾಕಾಗಿರೋದೂ ಅದೇ ಫೋನು!" ಅಂದ ತಮ್ಮ. "ನೀ ಎತ್ತಲಿಲ್ಲಂದ್ರ ನನಗ ಹಚ್ತಾರ. ನಾ ಏನ್ ಹೇಳ್ಲಿ? ಒಳಗ ಏನೈತಿ ಅಂತ ನಿನಗಷ್ಟೇ ಗೊತ್ತು."

ಆರು ತಿಂಗಳ ಜಗಳದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲವಂತೆ.

ಒಂದು ಸಂಸ್ಥೆಯ ಜನ ತಮ್ಮತಮ್ಮಲ್ಲಿ ಹೇಗೆ ಮಾತಾಡುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಸಾಫ್ಟ್‌ವೇರಿನವರು ಇದನ್ನು ಕಾನ್ವೇ ನಿಯಮ ಅನ್ನುತ್ತಾರೆ. ನನ್ನ ಕೋಣೆಯಲ್ಲಿ ಕೂತರೆ ಇದನ್ನು ನಂಬದೇ ಇರೋಕಾಗಲ್ಲ. ಮಾತು ಬಿಟ್ಟ ಇಬ್ಬರು ಪ್ರೋಗ್ರಾಂ ಒಡೆದರೆ ನಡುವಿನ ಎಪಿಐ ಯಾರು ಬರೆಯಬೇಕು?

ಅದಕ್ಕೇ ಈಗಲೇ ಒಡೆಯಬೇಡಿ ಅಂದೆ. ಪ್ರೋಗ್ರಾಂ ಒಂದೇ ಇರಲಿ, ಒಳಗೆ ಗೆರೆ ಎಳೆಯಿರಿ. ಒಂದು ಭಾಗ ಇನ್ನೊಂದರ ಡೇಟಾಗೆ ನೇರವಾಗಿ ಕೈ ಹಾಕಬಾರದು. ಹೊರಗಿನವರಿಗೆ ಸದ್ಯ ಲಾರಿ ತೂಗುವ ವೇಬ್ರಿಡ್ಜ್ ಭಾಗ ಮಾತ್ರ ತೆರೆಯಿರಿ, ಗಿರಣಿಗೊಂದು ಕಂಪನಿಯ ಯಂತ್ರ ಇರುವುದು ಅಲ್ಲೇ. ಆ ಎಪಿಐಯನ್ನು ಇಬ್ಬರೂ ಒಟ್ಟಿಗೆ ಕೂತು ಕಾಗದದ ಮೇಲೆ ಬರೆಯಬೇಕು. ಬಿಲ್ಲಿನ ಭಾಗವನ್ನು ಅಣ್ಣ ಕಲಿಸಿಕೊಡಬೇಕು. ವಾರಕ್ಕೆರಡು ರಾತ್ರಿ ಫೋನು ತಮ್ಮನ ಹತ್ತಿರ.

ಆಪ್ತಸಲಹೆಗಾರರು ಕೋಡಿನ ವಿಷಯಕ್ಕೆ ಬಾಯಿ ಹಾಕಬಹುದಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಜಗಳ ನಡೆದಿರುವುದೇ ಅದರ ಮೇಲೆ. ಅದನ್ನು ಬಿಟ್ಟು "ಹೊಂದಿಕೊಂಡು ಹೋಗಿ" ಅಂದರೆ ಸುಮ್ನೆ ಸಾಗಹಾಕಿದ ಹಾಗೆ, ಅಲ್ವಾ? ನಾನು ಹೇಳಿದ್ದರಲ್ಲಿ ಆಮೇಲೆ ತಿದ್ದಲಾಗದ್ದು ಯಾವುದೂ ಇಲ್ಲ. ಗೆರೆ ಸರಿಯಾಗಿದ್ದರೆ ಮುಂದೆ ಒಡೆಯುವುದೂ ಸುಲಭ.

ವೇಬ್ರಿಡ್ಜ್ ಭಾಗಕ್ಕೆ ಅಣ್ಣ ಒಪ್ಪಿದ್ದಾನೆ. ಜಿಎಸ್‌ಟಿ ಬಿಲ್ಲಿನ ಮಾತು ಎತ್ತಿದರೆ ಈಗಲೂ ಮುಖ ಬಿಗಿಯುತ್ತದೆ. ಒಂದು ಸುಗ್ಗಿ ಹೀಗೇ ನಡೆಯಲಿ, ಒತ್ತಾಯ ಮಾಡಬೇಡಿ ಅಂತ ತಮ್ಮನಿಗೆ ಹೇಳಿದ್ದೇನೆ.