ಪ್ರತಿಕ್ರಿಯೆ: ಬದು ಒತ್ತಿದ ಅಣ್ಣನನ್ನು ಕ್ಷಮಿಸುವುದು ಹೇಗೆ?

ಅಣ್ಣ ಬದು ಒತ್ತಿ ನಿಮ್ಮ ಜಾಗ ಸೇರಿಸಿಕೊಂಡಿದ್ದಾರೆ, ದಿನಾ ಪೂಜೆ ಮಾಡಿದರೂ ಸಿಟ್ಟು ಹೋಗುತ್ತಿಲ್ಲ, ಕ್ಷಮಿಸುವುದು ಹೇಗೆ ಎಂದು ಕೇಳಿದ್ದೀರಿ. ಕ್ಷಮಿಸಿದರೆ ಒತ್ತುವರಿ ಜಾಗವನ್ನೂ ಅಣ್ಣನಿಗೆ ಬಿಟ್ಟಂತೆ ಎಂದು ನೀವು ಅಂದುಕೊಂಡಿದ್ದೀರಿ. ದಿನಾ ಲಿಂಗಪೂಜೆಗೆ ಕೂತರೂ ಸಿಟ್ಟು ಇಳಿಯದಿರುವುದು ಬಹುಶಃ ಅದಕ್ಕೇ. ಅವೆರಡೂ ಬೇರೆ. ದ್ವೇಷ ಬಿಡಲು ಜಮೀನಿನ ಅಳತೆ ಮುಗಿಯುವ ತನಕ ಕಾಯಬೇಕಿಲ್ಲ.

ಮೊದಲು, ಹಠಕ್ಕೆ ಬಂದ್ ಮಾಡಿರುವ ಬೋರಿನ ಗೇಟ್‌ವಾಲ್ ಇವತ್ತೇ ತಿರುಗಿಸಿ, ಅಣ್ಣನ ತೋಟಕ್ಕೆ ನೀರು ಬಿಡಿ. ಚನ್ನಗಿರಿ ಕಡೆಯ ಬೇಸಿಗೆಯಲ್ಲಿ ನೀರು ತಪ್ಪಿದರೆ ಅಡಿಕೆಯ ಹಿಂಗಾರ (ಹೂಗೊಂಚಲು) ಒಣಗುತ್ತದೆ, ಎಳೆಕಾಯಿ ಉದುರುತ್ತವೆ. ಆಮೇಲೆ ರಾಜಿಯಾದರೂ ಆ ಫಸಲು ವಾಪಸ್ ಬರುವುದಿಲ್ಲ. 'ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ' ಎಂದ ಬಸವಣ್ಣನವರು, ಮನೆಯೊಳಗಿನ ಕಿಚ್ಚು ಮೊದಲು ಸುಡುವುದು ಆ ಮನೆಯನ್ನೇ ಎಂದೂ ಅದೇ ವಚನದಲ್ಲಿ ಹೇಳಿದ್ದಾರೆ. ಪೂಜೆಯಲ್ಲಿ ಆ ವಚನ ಹೇಳಿಕೊಂಡು, ಅಣ್ಣನ ಮಕ್ಕಳ ಹೆಸರು ಹಿಡಿದು ಒಳ್ಳೆಯದನ್ನು ಬೇಡಿ. ಅಣ್ಣನ ಹೆಸರು ಬಾಯಿಗೆ ಬರದಿದ್ದರೆ ಒತ್ತಾಯ ಬೇಡ, ತಡವಾಗಿ ಬಂದೀತು.

ಆಮೇಲೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿ. ಪಹಣಿ ಇನ್ನೂ ಜಂಟಿಯಿದ್ದರೆ ಮೊದಲು ಪೋಡಿ (ಇಬ್ಬರ ಪಾಲು ದಾಖಲೆಯಲ್ಲಿ ಬೇರೆಯಾಗುವುದು) ಆಗಬೇಕು. ಸರ್ವೆ ನೋಟಿಸ್ ಅಣ್ಣನ ಕೈ ಸೇರುವ ಮುಂಚೆ ನೀವೇ ಮನೆಗೆ ಹೋಗಿ, 'ಅಣ್ಣಾ, ಕಲ್ಲು ಎಲ್ಲಿ ಬರುತ್ತೋ ಇಬ್ಬರೂ ಒಪ್ಪೋಣ' ಅನ್ನಿ. ನೋಟಿಸ್ ನೋಡಿಯೇ ಗೊತ್ತಾದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. 'ನಿನ್ನ ಕ್ಷಮಿಸಿದ್ದೀನಿ' ಎಂದು ಮಾತ್ರ ಹೇಳಬೇಡಿ, ಅದು ಚುಚ್ಚಿದಂತಾಗುತ್ತದೆ.

ಅವರು ಮೆತ್ತಗಾಗುತ್ತಾರೋ ಇಲ್ಲವೋ ಹೇಳಲಾರೆ. ಒಪ್ಪದಿದ್ದರೆ ಸಿರಿಗೆರೆ ತರಳಬಾಳು ಮಠದಲ್ಲಿ ಸ್ವಾಮೀಜಿ ಇಂಥ ವ್ಯಾಜ್ಯ ಕೇಳಿ ಬಗೆಹರಿಸುವ ಸದ್ಧರ್ಮ ನ್ಯಾಯಪೀಠಕ್ಕೆ ಅರ್ಜಿ ಕೊಡಿ, ಸೋಮವಾರ ವಿಚಾರಣೆ ನಡೆಯುತ್ತದೆ. ಪಹಣಿ, ಸರ್ವೆ ನಕ್ಷೆ ಜೊತೆಗಿರಲಿ. ಕೈ ಎತ್ತುವ ಹಂತಕ್ಕೆ ಬಂದರೆ ತೋಟಕ್ಕೆ ಒಬ್ಬರೇ ಹೋಗಬೇಡಿ, ಪೊಲೀಸರಿಗೆ ತಿಳಿಸಿ.